ಗುಂಡಿ ಇಲ್ಲದ ಕೋಟು

ಮೊನ್ನೆ ಸೊಸೆ ಹಳೆಯ ಟ್ರಂಕು ತೆಗೆದು ಬಟ್ಟೆಗಳನ್ನು ಬಿಸಿಲಿಗೆ ಹಾಕಿದಳು. ನುಸಿಗುಳಿಗೆಯ ವಾಸನೆ ಅಂಗಳಕ್ಕೆಲ್ಲ ಹಬ್ಬಿತು. ಬೂದು ಬಣ್ಣದ ಉಣ್ಣೆಯ ಕೋಟೊಂದನ್ನು ಕೊಡವುತ್ತ, “ಇದಕ್ಕ ಗುಂಡೀನ ಇಲ್ಲಲ್ರಿ ಮಾವಾರ, ಹಚ್ಚಿಸಿಕೊಂಡು ಬರಲೇನ್ರಿ?” ಎಂದಳು. ನಾನು ಅದನ್ನು ಅವಳ ಕೈಯಿಂದ ಕಸಿದುಕೊಂಡೇ ಬಿಟ್ಟೆ. ಪಾಪ, ಅವಳಿಗೇನು ಗೊತ್ತು...

ಅದು ಹುಬ್ಬಳ್ಳಿ ಪೇಟೆಯ ಅಂಗಡಿಯದು. ಅದರ ಯಜಮಾನರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಅವರ ಅಜ್ಜ ರುಮಾಲು, ಟೊಪ್ಪಿಗೆ ಮಾರುತ್ತ ಶುರುಮಾಡಿದ್ದಂತೆ. ಅವರ ಅಪ್ಪನ ಕಾಲಕ್ಕೆ ಕೋಟು ಹೊಲಿಯುವುದು ಕೂಡಿಕೊಂಡಿತು. ನಮ್ಮಜ್ಜನ, ಅಪ್ಪನ ಮದುವೆಯ ಕೋಟುಗಳು ಅಲ್ಲಿಯವೇ. ಹತ್ತಿ ವ್ಯಾಪಾರಿ, ವಕೀಲ, ಪೊಲೀಸ್ ಎಲ್ಲರೂ ಅಲ್ಲಿನ ಆಳೆತ್ತರದ ಕನ್ನಡಿಯ ಮುಂದೆ ನಿಂತವರೇ. ಕತ್ತರಿಸಲು, ಹೊಲಿಯಲು ಹಿಂದಿನ ಕೋಣೆಯಲ್ಲಿ ಆಳುಗಳಿದ್ದರು. ಕೊನೆಗೆ ಗುಂಡಿ ಹಚ್ಚುವುದು ಮಾತ್ರ ಯಜಮಾನನೇ. ಕಾಕಾರ ಅಪ್ಪ ಹಾಕಿಕೊಟ್ಟ ಪದ್ಧತಿ. ಆ ವಿಷಯದಲ್ಲಿ ಕಾಕಾ ಮಹಾ ಹಟಮಾರಿ.

ಚಲೇಜಾವ್ ಚಳವಳಿಯ ವರ್ಷ. ಧಾರವಾಡದಲ್ಲಿ ಓದುತ್ತಿದ್ದದ್ದು ಹೆಸರಿಗೆ. ಮಾಡುತ್ತಿದ್ದದ್ದು ಕರಪತ್ರ ಹಂಚುವ ಕೆಲಸ. ಒಂದು ಮಧ್ಯಾಹ್ನ ಹುಬ್ಬಳ್ಳಿ ಪೇಟೆಯಲ್ಲಿ ಪೊಲೀಸರು ಬೆನ್ನು ಹತ್ತಿದರು. ಉಳಿದ ಕರಪತ್ರಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಅಂಗಡಿಗೆ ನುಗ್ಗಿದೆ. ಕಾಕಾ ಕೈಗೆ ಸಿಕ್ಕ ಅರೆಹೊಲಿಗೆಯ ಕೋಟೊಂದನ್ನು ತೊಡಿಸಿ, ಕನ್ನಡಿಯ ಮುಂದೆ ನಿಲ್ಲಿಸಿ, ಸೀಮೆಸುಣ್ಣ ಹಿಡಿದರು.

ಪೊಲೀಸ್ ಫೌಜುದಾರ ಒಳಗೆ ಬಂದ. ಕೋಟನ್ನು ನೋಡಿ ಹುಬ್ಬು ಗಂಟಿಕ್ಕಿದ.

“ಇದು ನನ್ನ ಅರಿವಿ ಅಲ್ಲೇನು?”

ಕಾಕಾರ ಕೈ ನಿಲ್ಲಲಿಲ್ಲ.

“ಹೌದ್ರಿ ಸಾಹೇಬ್ರ. ನಿಮಗ ಬರಾಕ ಪುರಸೊತ್ತಿಲ್ಲ. ನಿಮ್ಮಷ್ಟ ಎತ್ತರದ ಗಿರಾಕಿ ಸಿಕ್ಕಾನ, ಇವನ ಮ್ಯಾಲ ನೋಡಾಕತ್ತೇನಿ.”

ಫೌಜುದಾರ ನನ್ನ ಸುತ್ತ ಬಂದ. “ತಿರುಗು” ಎಂದ. ತಿರುಗಿದೆ. ಸೊಂಟದಲ್ಲಿ ಕಾಗದ ಸರಸರ ಎಂದಿತು...

“ಅಲ್ಲಾಡಬ್ಯಾಡೋ, ಗುಂಡುಸೂಜಿ ಚುಚ್ಚತಾವ” ಎಂದು ಕಾಕಾ ಜೋರಾಗಿ ಗದರಿದರು. ಗದರುತ್ತಲೇ ಭುಜಕ್ಕೆ, ಕಂಕುಳಿಗೆ, ಬೆನ್ನಿಗೆ ಗೆರೆ ಎಳೆದರು. ಫೌಜುದಾರ ನೋಡುತ್ತ ನಿಂತಿದ್ದ. ಕೊನೆಗೆ, “ಲಗೂ ಮುಗಸ್ರಿ” ಎಂದು ಹೊರಟುಹೋದ.

ಸಂಜೆಯೊಳಗೆ ನಾನು ಖಾದಿಯ ಹಳ್ಳಿ ಗರಗದ ದಾರಿ ಹಿಡಿದೆ. ಅಲ್ಲಿ ನೂಲುವವರ ಮನೆಗಳಲ್ಲಿ ತಲೆಮರೆಸಿಕೊಂಡೆ.

ಮುಂದಿನದು ಆಮೇಲೆ ತಿಳಿದದ್ದು. ಅಂಥ ಹೆದರಿಕೆಯಲ್ಲೂ ಕಾಕಾರ ಕೈ ಸುಳ್ಳು ಗೆರೆ ಎಳೆದಿರಲಿಲ್ಲ. ಎದುರಿಗೆ ನಿಂತ ಮೈಗೆ ಸರಿಯಾಗಿ ಎಳೆದಿತ್ತು, ಎಂದಿನ ರೂಢಿಯಂತೆ. ಗಾಬರಿಯಲ್ಲಿ ಅದನ್ನು ಒರೆಸಲು ಮರೆತರು. ಹಿಂದಿನ ಕೋಣೆಯಲ್ಲಿ ಆಳು ಗೆರೆಯಂತೆಯೇ ಕತ್ತರಿಸಿ ಹೊಲಿದ. ಫೌಜುದಾರ ಬಂದು ತೊಟ್ಟರೆ ತೋಳೇ ಏರಲಿಲ್ಲ. ಉದ್ದ ಅವನದು, ಉಳಿದದ್ದೆಲ್ಲ ಯಾರೋ ಬಡಕಲನದು. ಅಂದು ಕಾಕಾ ಯಾರ ಅಳತೆ ತೆಗೆಯುತ್ತಿದ್ದರು, ಯಾರನ್ನು ಉಳಿಸುತ್ತಿದ್ದರು ಎಂಬುದು ಅವನಿಗೆ ಆ ಕನ್ನಡಿಯ ಮುಂದೆಯೇ ಹೊಳೆಯಿತು.

ಕಾಕಾರನ್ನು ಎಳೆದೊಯ್ದರು, ಅಂಗಡಿಗೆ ಬೀಗ ಬಿತ್ತು. ಜೈಲಿನಿಂದ ಕೆಮ್ಮುತ್ತ ಮನೆಗೆ ಬಂದವರು ಬಹಳ ದಿನ ಉಳಿಯಲಿಲ್ಲ. ನಾನು ಊರಿಗೆ ಮರಳುವ ಹೊತ್ತಿಗೆ ಮಣ್ಣಾಗಿದ್ದರು. ಅವರ ಮನೆಯ ಹೊಸ್ತಿಲಲ್ಲಿ ನಿಂತು ಅತ್ತೆ. ಅವರ ಹೆಂಡತಿ ಒಳಗಿನಿಂದ ಫೌಜುದಾರ ಅಂದು ಕಿತ್ತೆಸೆದು ಹೋಗಿದ್ದ ಈ ಕೋಟು ತಂದು ಕೈಗಿಟ್ಟರು.

“ನಿನ್ನ ಅಳತೀದಪಾ. ‘ಅವ ಬರಲಿ, ಮೈಮ್ಯಾಲ ನೋಡಿ ಗುಂಡಿ ಹಚ್ತೇನಿ’ ಅಂತ ಕಡೀತನಕಾ ಅಂತಿದ್ರು.”

ಅಂಗಡಿಯ ಜಾಗದಲ್ಲಿ ಈಗ ಬೇರೆ ಯಾರದೋ ಅಂಗಡಿ. ಸೊಸೆ ಇನ್ನೂ ನನ್ನ ಮುಖ ನೋಡುತ್ತ ನಿಂತಿದ್ದಳು. ಕೋಟನ್ನು ಅವಳ ಕೈಗೆ ಮರಳಿ ಕೊಟ್ಟೆ.

“ಹಂಗ ಮಡಚಿಡವಾ” ಎಂದೆ. “ಗುಂಡಿ ಹಚ್ಚವರು ಇಲ್ಲ.”