ಕೊಟ್ಟಿಗೆ ಬಿಡದ ಎತ್ತು

ಕಾಳುಮೆಣಸು ನೆನೆದರೆ ಎಷ್ಟು ದಿನಕ್ಕೆ ಬೂಷ್ಟು ಹಿಡಿಯುತ್ತದೆ ಎಂದು ತೀರ್ಥಹಳ್ಳಿಯ ವ್ಯಾಪಾರಿಯೊಬ್ಬರನ್ನು ಕೇಳಿದೆ. ಅವರು ನನ್ನನ್ನು ತೆರಿಗೆ ಇಲಾಖೆಯವನೆಂದುಕೊಂಡು ಮಜ್ಜಿಗೆ ಕೊಟ್ಟು ಸಾಗಹಾಕಿದರು. ನಾನು ಕೇಳಿದ್ದು ಒಂದು ಆಟಕ್ಕೆ. ಮೀಸೆ ಬಂದ ಗಂಡಸು ಆಟಕ್ಕೆಂದು ಬಸ್ಸು ಹತ್ತಿ ಬಂದಿದ್ದಾನೆ ಎಂದರೆ ಯಾರು ನಂಬುತ್ತಾರೆ?

ಎಂಬತ್ತರ ದಶಕದ ನಡುವೆ ನಾನು ಸಾಗರದಲ್ಲಿ ಗುಮಾಸ್ತ. ಸಂಜೆಯಾದರೆ ಗೆಳೆಯರು ಸೇರಿ ಇಸ್ಪೀಟು ಆಡುತ್ತಿದ್ದೆವು. ಅವರಲ್ಲೊಬ್ಬನ ಅಣ್ಣ, ಹಡಗಿನಲ್ಲಿ ಕೆಲಸಕ್ಕಿದ್ದವನು, ಯಾವುದೋ ದೇಶದಿಂದ ಹೊಸ ಆಟದ ಪುಸ್ತಕ ತಂದ. ಮಣೆಯಿಲ್ಲ, ಕಾಯಿಯಿಲ್ಲ. ಒಬ್ಬ ಕಥೆ ನಡೆಸಬೇಕು. ಉಳಿದವರು ಅದರೊಳಗಿನ ಪಾತ್ರಗಳಾಗಿ ಏನು ಮಾಡುತ್ತೇವೆಂದು ಹೇಳುತ್ತಾ ಹೋಗಬೇಕು. ಗೆದ್ದರೋ ಬಿದ್ದರೋ ಎಂಬುದು ದಾಳದ ಕೈಯಲ್ಲಿ. ಕಥೆ ನಡೆಸುವ ಕೆಲಸ ನನ್ನ ತಲೆಗೆ ಬಿತ್ತು. ಪುಸ್ತಕದ ರಾಕ್ಷಸರು ಬೇಡ, ಹಿಂದಿನ ಕಾಲದಲ್ಲಿ ಎತ್ತಿನ ಬೆನ್ನಿಗೆ ಮೆಣಸು ಹೇರಿಕೊಂಡು ಘಟ್ಟ ಇಳಿಯುತ್ತಿದ್ದ ವ್ಯಾಪಾರಿಗಳ ಕಥೆ ಮಾಡೋಣ ಎಂದೆ. ಅಲ್ಲಿಗೆ ಕೆಟ್ಟಿತು. ಸುಂಕ ಎಲ್ಲಿ ಕಟ್ಟುತ್ತಿದ್ದರು, ದಾರಿಯಲ್ಲಿ ಏನು ಉಣ್ಣುತ್ತಿದ್ದರು, ಒಂದೂ ತಪ್ಪಬಾರದು ನನಗೆ. ಊರೂರು ಅಲೆದು ವಿಚಾರಿಸಿದೆ. ಎರಡು ಮಳೆಗಾಲ ಕಳೆದರೂ ನಮ್ಮ ಎತ್ತು ಕೊಟ್ಟಿಗೆ ಬಿಟ್ಟು ಕದಲಲಿಲ್ಲ.

“ಈ ಭಾನುವಾರ ಶುರು ಮಾಡ್ಲಿಲ್ಲ ಅಂದ್ರೆ ಇಸ್ಪೀಟೇ ಗತಿ ಮಾರಾಯ,” ಎಂದರು ಗೆಳೆಯರು.

ಘಟ್ಟದ ಹಳೆಯ ಕಾಲುದಾರಿಯೊಂದನ್ನು ವಿಚಾರಿಸುವುದು ಇನ್ನೂ ಬಾಕಿಯಿತ್ತು. ಅದನ್ನು ಬಲ್ಲವರು ನಿಟ್ಟೂರಿನ ಕಡೆ ಒಬ್ಬರಿದ್ದಾರೆಂದು ಕೇಳಿ ಹೋದೆ. ಇಸ್ತ್ರಿ ಮಾಡಿದ ಅಂಗಿ, ಮದುವೆಯ ವಯಸ್ಸು, ಸಾಲದ್ದಕ್ಕೆ ನಾನು ಕೇಳಿದ ಮೊದಲ ಪ್ರಶ್ನೆ, “ನಿಮ್ಮ ಹಿರಿಯರು ಮೂಲದಲ್ಲಿ ಎಲ್ಲಿಯವರು?” ಯಜಮಾನರು ಒಳಗಡೆ ಕಣ್ಸನ್ನೆ ಮಾಡಿದರು. ಸ್ವಲ್ಪ ಹೊತ್ತಿಗೆ ಕೇಸರಿಬಾತು ಬಂತು, ಹಿಂದೆಯೇ ಹೊಸ ಸೀರೆಯುಟ್ಟ ಮಗಳು. ನನಗೆ ಬೆವರಿಳಿಯಿತು. ಏನಾದರೂ ಮಾತಾಡಬೇಕಲ್ಲ ಎಂದು, “ಎತ್ತಿನ ಬೆನ್ನಿಗೆ ಎಷ್ಟು ಮಣ ಹೇರಬಹುದು?” ಎಂದುಬಿಟ್ಟೆ.

“ಅಪ್ಪಯ್ಯ, ಇವರು ಹೆಣ್ಣು ನೋಡೋಕೆ ಬಂದವರಲ್ಲ,” ಎಂದಳು ಅವಳು.

ನಡೆದದ್ದೆಲ್ಲ ಹೇಳಿದೆ. ಯಜಮಾನರ ಮುಖ ಇಳಿದುಹೋಯಿತು. ಅವಳು ಮಾತ್ರ ಬಾಗಿಲಿಗೆ ಒರಗಿ ಪೂರ್ತಿ ಕೇಳಿಸಿಕೊಂಡಳು.

“ಆಟ ಯಾವಾಗ ಶುರು?”

“ಇನ್ನೂ ವಿಚಾರಿಸೋದಿದೆ.”

“ಯಾವಾಗಿಂದ ವಿಚಾರಿಸ್ತಿದ್ದೀರಿ?”

“ಎರಡು ಮಳೆಗಾಲ ಆಯ್ತು.”

“ಹಂಗಾರೆ ನಿಮ್ಮನ್ನ ಮದುವೆಯಾಗೋಳು ಚಪ್ಪರದಲ್ಲೇ ಮುದುಕಿ ಆಗ್ತಾಳೆ ಬಿಡಿ.”

ಮನೆಮಂದಿಯೆಲ್ಲ ನಕ್ಕರು. ನನಗೆ ಮೈಯುರಿಯಿತು. ಎಂಥ ಬಾಯಿ ಇವಳದು ಎಂದುಕೊಳ್ಳುತ್ತಲೇ ಬಸ್ಸು ಹತ್ತಿದೆ. ಹೊಸನಗರದಲ್ಲಿ ಸಾಗರದ ಬಸ್ಸಿಗೆ ಕಾಯುವಷ್ಟರಲ್ಲಿ ಸಿಟ್ಟು ಎಲ್ಲಿ ಹೋಯಿತೋ, ಅವಳು ಇನ್ನೂ ನಾಲ್ಕು ಮಾತು ಅಂದಿದ್ದರೂ ಆಗುತ್ತಿತ್ತು ಅನ್ನಿಸತೊಡಗಿತು. ಆ ಕಾಲುದಾರಿಯ ವಿಷಯ ಕೇಳುವುದೇ ಮರೆತಿತ್ತು.

ಭಾನುವಾರ ದಾರಿ ಗೊತ್ತಿಲ್ಲದೆಯೇ ಆಟ ಶುರು ಮಾಡಿದೆ. ವ್ಯಾಪಾರಿಗಳು ಕಾಡಿನಲ್ಲಿ ದಾರಿ ತಪ್ಪಿದರು, ಮೆಣಸು ಹಳ್ಳದ ಪಾಲಾಯಿತು. ಗೆಳೆಯರು ಊಟಕ್ಕೂ ಏಳಲಿಲ್ಲ. ನನಗಂತೂ ಖುಷಿಯೋ ಖುಷಿ. ಆ ಧೈರ್ಯದಲ್ಲೇ ಮರುದಿನ ಅಪ್ಪನ ಮುಂದೆ ನಿಂತು, ನಿಟ್ಟೂರಿನ ಹುಡುಗಿಯನ್ನು ಕೇಳಿನೋಡಿ ಎಂದೆ.

“ಮನೆತನ ಎಂತದು? ಜಾತಕ ತಂದ್ಯಾ? ಹುಡುಗಿ ಏನು ಓದಿದಾಳೆ?”

“ಎಂತದೂ ವಿಚಾರಿಸಿಲ್ಲ.”

ಅಪ್ಪ ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದರು.

ವಾರದೊಳಗೆ ನಿಟ್ಟೂರಿನಿಂದ ಒಪ್ಪಿಗೆ ಬಂತು. ಹುಡುಗಿಯದು ಒಂದೇ ಷರತ್ತಂತೆ: ಮಳೆ ಹಿಡಿಯುವುದರೊಳಗೆ ಮದುವೆ ಆಗಿಬಿಡಬೇಕು.