ಪುಟ್ಟಯ್ಯ ಹೊತ್ತ ಹೆಸರು

ಚಾಮರಾಜಪೇಟೆಯಲ್ಲಿ ಹಣ್ಣು ತರಕಾರಿ ಅಂಗಡಿ ಇಟ್ಟಿದ್ದ ಅಶ್ವತ್ಥಪ್ಪನನ್ನು ಬಲ್ಲವರೆಲ್ಲ ಒಂದು ಮಾತು ಹೇಳುತ್ತಿದ್ದರು, ಆತನ ಹೆಬ್ಬೆರಳಿಗೆ ಕಣ್ಣಿದೆ ಅಂತ. ಹಲಸನ್ನು ಒಮ್ಮೆ ಒತ್ತಿದರೆ ಸಾಕು, ಎಷ್ಟು ದಿನಕ್ಕೆ ಹಣ್ಣಾಗುತ್ತೆ, ಯಾವ ಕಡೆಯ ತೋಟದ್ದು, ಎಲ್ಲ ಹೇಳಿಬಿಡುತ್ತಿದ್ದ. ಆ ಹೊಗಳಿಕೆ ಅವನಿಗೂ ಇಷ್ಟವೇ. ಮನುಷ್ಯನಿಗೆ ಯಾವುದು ಹೆಮ್ಮೆಯೋ ಅಲ್ಲೇ ಅವನ ಕಾಲು ಜಾರುವುದು.

ಪೇಟೆಯ ಐದಾರು ಜನ ಸೇರಿ ಒಂದು ನಡಿಗೆಯ ಕೂಟ ಕಟ್ಟಿಕೊಂಡಿದ್ದರು. ತಿಂಗಳಿಗೊಂದು ಭಾನುವಾರ ಬುತ್ತಿ ಕಟ್ಟಿಕೊಂಡು ಊರಾಚೆ ಸಾಯಂಕಾಲದವರೆಗೆ ನಡೆಯುವುದು. ಯಜಮಾನಿಕೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ದೊರೆಸ್ವಾಮಿಯವರದು, ದಾರಿ ತೋರಿಸುವುದು ಅಶ್ವತ್ಥಪ್ಪ. ಎಲ್ಲರ ಬುತ್ತಿಯ ಚೀಲ ಹೊರುವವನು ಪುಟ್ಟಯ್ಯ. ಅವೆನ್ಯೂ ರಸ್ತೆಯಲ್ಲಿ ಪುಸ್ತಕಕ್ಕೆ ಬೈಂಡಿಂಗ್ ಹಾಕುತ್ತಿದ್ದ, ಕೇಳಿದರೆ ಮಾತ್ರ ಮಾತಾಡುತ್ತಿದ್ದ ಮನುಷ್ಯ. ಹೊರು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಬೇಡ ಅಂತಲೂ ಯಾರೂ ಹೇಳಲಿಲ್ಲ.

ಎಪ್ಪತ್ತೇಳನೇ ಇಸವಿ, ಸಂಕ್ರಾಂತಿಗೆ ಇನ್ನೊಂದು ವಾರ. ಬನಶಂಕರಿ ಗುಡಿಯವರೆಗೆ ಬಸ್ಸು, ಅಲ್ಲಿಂದ ಮುಂದೆ ಕಾಲು. ಸಪೋಟ ತೋಟ ದಾಟಿದರು, ಸೀಬೆ ತೋಟ ಹೊಕ್ಕರು. ತೋಟದ ಕೊನೆಗೊಂದು ಹಳ್ಳ, ಹಳ್ಳದಾಚೆ ಕೆರೆಯ ಜೌಗು. ಮೇಷ್ಟ್ರು ಮತ್ತಿತರರು ಹಳ್ಳದಲ್ಲಿ ಮುಖ ತೊಳೆಯಲು ಮುಂದೆ ಹೋದರು. ಹಿಂದೆ ಉಳಿದವರು ಅಶ್ವತ್ಥಪ್ಪ, ಪುಟ್ಟಯ್ಯ ಇಬ್ಬರೇ.

ಅಲ್ಲೊಂದು ಮರ. ಕೊಂಬೆ ಕೊಂಬೆಗೂ ಹಣ್ಣು, ಬುಡಕ್ಕೆ ಮಾಸಿದ ಬಟ್ಟೆಯ ಚೂರೊಂದು ಕಟ್ಟಿತ್ತು.

"ನೋಡು ಪುಟ್ಟಯ್ಯ, ಯಾರೋ ವ್ಯಾಪಾರಿ ಗುತ್ತಿಗೆ ಹಿಡಿದು ಗುರುತು ಕಟ್ಟವ್ನೆ. ನಮ್ಮೋರದ್ದೇ ಮಾಲು. ವ್ಯಾಪಾರಿ ಮಾಲನ್ನ ವ್ಯಾಪಾರಿ ರುಚಿ ನೋಡಿದ್ರೆ ಯಾರೂ ಕೇಳಲ್ಲ."

ಮಂಡಿಯಲ್ಲಿ ಆ ರೂಢಿ ಇದ್ದದ್ದು ನಿಜ. ಆದರೆ ರುಚಿಗೆ ಒಂದು ಹಣ್ಣು ಸಾಕು. ಅಶ್ವತ್ಥಪ್ಪನಿಗೆ ಮೇಷ್ಟ್ರ ಮುಂದೆ ರಾಶಿ ಸುರಿದು "ತಿನ್ನಿ" ಅನ್ನುವ ಆಸೆ. ಕೈಗೆಟುಕಿದ ಎರಡು ಕೊಂಬೆ ಬೋಳಿಸಿ ಪುಟ್ಟಯ್ಯನ ಚೀಲಕ್ಕೆ ತುಂಬಿದ.

"ಕೇಳಿ ಕೀಳಬೋದಿತ್ತೇನೋ ಅಶ್ವತ್ಥಪ್ಪನೋರೆ," ಅಂದ ಪುಟ್ಟಯ್ಯ.

"ಪುಸ್ತಕದ ವಿಷಯ ನೀನು ಹೇಳು, ಹಣ್ಣಿನ ವಿಷಯ ನಂಗೆ ಬಿಡು," ಎಂದು ಅಶ್ವತ್ಥಪ್ಪ ಕೈ ತೊಳೆಯಲು ಹಳ್ಳಕ್ಕಿಳಿದ.

ಅಷ್ಟರಲ್ಲಿ ತೋಟ ಕಾಯುವ ಮುದುಕಿ ಚಿಕ್ಕಮುನಿಯಮ್ಮ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. ಅವಳ ಕೂಗಿಗೆ ಹಳ್ಳದಲ್ಲಿದ್ದವರೂ ಮೇಲೆ ಬಂದರು. ಬೋಳು ಕೊಂಬೆಯ ಕೆಳಗೆ ಪುಟ್ಟಯ್ಯ, ಅವನ ಹೆಗಲಲ್ಲಿ ಉಬ್ಬಿದ ಚೀಲ.

"ಅಯ್ಯೋ, ಇದು ಮುನೇಶ್ವರನ ಮರ ಕಣಪ್ಪಾ! ಅರಿಶಿನದ ಬಟ್ಟೆ ಕಟ್ಟಿರೋದು ಕಾಣಲಿಲ್ವಾ? ನನ್ನ ಮೊಮ್ಮಗೀಗೆ ನಾಕು ವರ್ಷ, ಇನ್ನೂ ಬಾಯಿ ಬಂದಿಲ್ಲ. ಸಂಕ್ರಾಂತಿಗೆ ಮೊದಲ ಬುಟ್ಟಿ ನಿಂಗೇ ಅಂತ ಸ್ವಾಮಿಗೆ ಹರಕೆ ಹೊತ್ತಿದ್ದೆ. ಒಂದು ಗಿಳೀನೂ ಕೂರಕ್ಕೆ ಬಿಟ್ಟಿರಲಿಲ್ಲ!"

"ಏನು ಪುಟ್ಟಯ್ಯ ಇದು, ಕಳ್ಳತನ?" ಅಂದರು ಮೇಷ್ಟ್ರು.

ಪುಟ್ಟಯ್ಯ ಒಂದೇ ಒಂದು ಸಲ ಅಶ್ವತ್ಥಪ್ಪನ ಕಡೆ ನೋಡಿದ. ಅಶ್ವತ್ಥಪ್ಪ ಬಾಯಿ ಬಿಡಬೇಕಾದ ಗಳಿಗೆ ಅದೇ. ಹಣ್ಣು ಬಲ್ಲವನು, ತೋಟ ಬಲ್ಲವನು, ದೇವರ ಬಟ್ಟೆಗೂ ಗುತ್ತಿಗೆಯ ಗುರುತಿಗೂ ವ್ಯತ್ಯಾಸ ಕಾಣದೆ ಹೋದ ಅಂತ ಹೇಗೆ ಹೇಳುವುದು? ಅಶ್ವತ್ಥಪ್ಪ ಬಗ್ಗಿ ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಳ್ಳತೊಡಗಿದ. ಅದು ಸರಿಯಾಗಿಯೇ ಇತ್ತು.

"ತಪ್ಪಾಯ್ತಮ್ಮ," ಅಂದ ಪುಟ್ಟಯ್ಯ.

ಮುದುಕಿ ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಹಸಿದಿದ್ರೆ ಕೇಳಬಾರದಾ ಮಗಾ, ಆಚೆ ಮರದಲ್ಲಿ ನಾನೇ ಕಿತ್ತು ಕೊಡ್ತಿದ್ದೆ. ಕಿತ್ತಿದ್ದು ಮತ್ತೆ ಅಂಟಲ್ಲ. ತಿನ್ನಿ, ಎಸೆದ್ರೆ ಇನ್ನೂ ಪಾಪ," ಎಂದು ಅಲ್ಲೇ ಕಲ್ಲಿನ ಮೇಲೆ ಕೂತಳು. ಎಲ್ಲರೂ ಅವಳ ಎದುರಿಗೇ ತಿಂದರು. ಅಶ್ವತ್ಥಪ್ಪನೂ ತಿಂದ. ಒಂದು ಬೀಜ ದವಡೆಯ ಸಂದಿಗೆ ಸಿಕ್ಕಿಕೊಂಡಿತು.

ಮುಂದೆ ಜೌಗು. ಆಳೆತ್ತರದ ಜೊಂಡಿನ ನಡುವೆ ಒಬ್ಬರ ಹಿಂದೊಬ್ಬರು ಹೋಗುವಷ್ಟೇ ದಾರಿ. ಎಲ್ಲರಿಗಿಂತ ಮುಂದಿದ್ದರೆ ಯಾರ ಮುಖವನ್ನೂ ನೋಡಬೇಕಿಲ್ಲವಲ್ಲ, ಅಶ್ವತ್ಥಪ್ಪ ಬಿರುಸಾಗಿ ನಡೆದ. ಗಟ್ಟಿ ನೆಲ ಅಂತ ಕಾಲಿಟ್ಟದ್ದು ಕೆಸರು, ಮೊಣಕಾಲವರೆಗೆ ಹೂತ. ಓಡಿಬಂದು ಕೈಕೊಟ್ಟು ಎಳೆದವನು ಪುಟ್ಟಯ್ಯನೇ. ಇಬ್ಬರ ಮುಖ ಒಂದು ಗೇಣು ದೂರ, ಸುತ್ತ ಜೊಂಡು, ಉಳಿದವರು ಇನ್ನೂ ಹಿಂದೆ. ಈಗಲಾದರೂ ಹೇಳೋಣ ಅಂತ ಅಶ್ವತ್ಥಪ್ಪ ಬಾಯಿ ತೆರೆದ.

"ಚಪ್ಪಲಿ ಹೋಯ್ತು," ಅಂದ.

"ಹೋಗ್ಲಿ ಬಿಡಿ," ಅಂದ ಪುಟ್ಟಯ್ಯ.

ವಾಪಸು ಬರುವ ಬಸ್ಸಿನಲ್ಲೇ ಮೇಷ್ಟ್ರು ಹೆಸರಿಟ್ಟರು, ಸೀಬೆ ಪುಟ್ಟಯ್ಯ ಅಂತ. ಎಲ್ಲರೂ ನಕ್ಕರು. ಒಂಟಿ ಚಪ್ಪಲಿಯಲ್ಲಿ ಕೂತಿದ್ದ ಅಶ್ವತ್ಥಪ್ಪ ನಾಲಿಗೆಯಿಂದ ಆ ಬೀಜವನ್ನು ತಡಕುತ್ತಿದ್ದ.

ತಮಾಷೆಗೆ ಇಟ್ಟ ಹೆಸರು ಹಚ್ಚೆಯಂತೆ ಕೂತುಬಿಟ್ಟಿತು. "ಸೀಬೆ ಬಂದನಾ?" "ಸೀಬೆ ಕೈಗೆ ಚೀಲ ಕೊಡಬೇಡಿ ಗುರುವೇ!" ಒಂಬತ್ತು ವರ್ಷ. ಪ್ರತಿ ಸಲವೂ ಪುಟ್ಟಯ್ಯ ಒಂದು ಅರೆನಗೆ ನಗುತ್ತಿದ್ದ, ಅಶ್ವತ್ಥಪ್ಪ ಬೇರೆ ಕಡೆ ನೋಡುತ್ತಿದ್ದ. ಬನಶಂಕರಿಯ ಆಚೆಗೆ ಅವನು ಮತ್ತೆ ದಾರಿ ತೋರಿಸಲಿಲ್ಲ, ಅಂಗಡಿಗೆ ಸೀಬೆ ತರುವುದನ್ನೂ ಬಿಟ್ಟ. ಹೆಂಡತಿ ಮುನಿರತ್ನಮ್ಮ ಹಂಗಿಸುತ್ತಿದ್ದಳು: "ಸೀಬೆ ಕಾಲದಲ್ಲಿ ಸೀಬೆ ಇಲ್ದಿರೋ ಅಂಗಡಿ ಈ ಊರಲ್ಲಿ ನಮ್ದೊಂದೇ ಕಣ್ರೀ. ಸೀಬೆ ನಿಮಗೇನು ಮಾಡಿತ್ತು?"

ಎಂಬತ್ತಾರರಲ್ಲಿ ಪುಟ್ಟಯ್ಯನ ಮಗಳ ಮದುವೆ. ಛತ್ರದ ಮೊದಲ ಪಂಕ್ತಿಯಲ್ಲಿ ನಡಿಗೆಯ ಕೂಟದವರು, ಎದುರು ಸಾಲಿನಲ್ಲಿ ಗಂಡಿನ ಕಡೆಯವರು. ಬಡಿಸುವವರ ಹಿಂದೆಯೇ "ನಿಧಾನಕ್ಕೆ ಊಟ ಮಾಡಿ" ಅನ್ನುತ್ತಾ ಬಂದ ಪುಟ್ಟಯ್ಯನನ್ನು ಕಂಡು ಮೇಷ್ಟ್ರಿಗೆ ಹುರುಪು ಬಂತು.

"ನಿಮ್ಮ ಬೀಗರ ಇನ್ನೊಂದು ಹೆಸರು ಗೊತ್ತೇನ್ರಿ? ಸೀಬೆ ಪುಟ್ಟಯ್ಯ! ದೇವರ ಮರದ ಹಣ್ಣನ್ನೇ ಕದ್ದ ಭೂಪ!"

ಕೂಟದವರು ನಕ್ಕರು. ಎದುರು ಸಾಲು ನಗಲಿಲ್ಲ. ಗಂಡಿನ ದೊಡ್ಡಪ್ಪ ಪರಮಶಿವಯ್ಯನವರ ಕೈ ಎಲೆಯ ಮೇಲೆ ನಿಂತಿತು. "ದೇವರ ಮರದ್ದಾ?" ಎಂದು ಕೇಳಿ ಪಕ್ಕದವರ ಮುಖ ನೋಡಿದರು. ಪುಟ್ಟಯ್ಯ ಅದೇ ಅರೆನಗೆ ನಗಲು ಹೋದ. ಈ ಸಲ ಅದು ಬರಲಿಲ್ಲ.

ಪಂಕ್ತಿಯ ನಡುವೆ ಎದ್ದವನು ಕೂತವರ ಅನ್ನಕ್ಕೆ ಮಣ್ಣು ಹಾಕಿದಂತೆ ಅನ್ನುತ್ತಾರೆ. ಅಶ್ವತ್ಥಪ್ಪ ಎದ್ದು ನಿಂತ. ಎಂಜಲು ಕೈಯಿಂದ ಸಾರು ಪಂಚೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಕಿತ್ತವನು ನಾನು. ಹರಕೆ ಬಟ್ಟೆ ಅಂತ ಗೊತ್ತಾಗಲಿಲ್ಲ. ಆ ಚೀಲಕ್ಕೆ ಹಾಕಿದ್ದೂ ನಾನೇ. ಪುಟ್ಟಯ್ಯ ಕೇಳಿ ಕೀಳೋಣ ಅಂದಿದ್ದ."

ಮುನಿರತ್ನಮ್ಮ ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿದಳು. ಸೀಬೆ ಏನು ಮಾಡಿತ್ತೆಂದು ಅವಳಿಗೀಗ ತಿಳಿಯಿತು. ಪರಮಶಿವಯ್ಯನವರು ಮೆಲ್ಲಗೆ ತುತ್ತು ಎತ್ತಿಕೊಂಡರು. ಮೇಷ್ಟ್ರು ಮಾತ್ರ ಎಲೆಯಿಂದ ಕಣ್ಣೆತ್ತಲಿಲ್ಲ.

ಊಟವಾದ ಮೇಲೆ ಅಶ್ವತ್ಥಪ್ಪನ ಕೈಗೆ ನೀರು ಹಾಕಲು ಪುಟ್ಟಯ್ಯನೇ ಚೊಂಬು ಹಿಡಿದು ಬಂದ.

"ಹೆಸರು ಹೋದ್ರೆ ಹೋಗ್ಲಿ ಅಶ್ವತ್ಥಪ್ಪನೋರೆ. ಆ ಮಗೂಗೆ ಮಾತು ಬಂತಾ ಅಂತ ಒಂದ್ಸಲ ಹೋಗಿ ಕೇಳ್ಬೇಕು ಅಂತಿತ್ತು ನಂಗೆ. ಆ ಅಮ್ಮನ ಕಣ್ಣಲ್ಲಿ ಕಳ್ಳ ಆಗಿಬಿಟ್ಟಿದ್ದೆ, ಹೆಂಗೆ ಹೋಗ್ಲಿ? ಈಗ ಅಲ್ಲಿ ತೋಟಾನೇ ಇಲ್ಲ, ಸೈಟು ಮಾಡವ್ರೆ. ಯಾರನ್ನ ಕೇಳೋದು?"

ಅಶ್ವತ್ಥಪ್ಪ ಕೈ ತೊಳೆಯುತ್ತಲೇ ಇದ್ದ. ಚೊಂಬಿನ ನೀರು ಮುಗಿಯಿತು.

ಮುಂದಿನ ನಡಿಗೆಯ ದಿನ ಬಸ್ ಸ್ಟಾಪಿನಲ್ಲಿ ಮೇಷ್ಟ್ರು ಅಭ್ಯಾಸಬಲದಿಂದ ಕೂಗಿದರು: "ಸೀಬೆ ಬಂದನಾ?" ಕೂಗಿ ನಾಲಿಗೆ ಕಚ್ಚಿಕೊಂಡರು.

"ಬಂದೆ ಮೇಷ್ಟ್ರೇ," ಎಂದ ಅಶ್ವತ್ಥಪ್ಪ. ಪುಟ್ಟಯ್ಯನ ಹೆಗಲಿಂದ ಬುತ್ತಿಯ ಚೀಲವನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. ಪುಟ್ಟಯ್ಯ ನಗಲಿಲ್ಲ. ಆದರೆ ಚೀಲ ಬಿಟ್ಟುಕೊಟ್ಟ.