ಅತ್ತೆಯ ಉಸಿರು ಕಾದ ಮಧ್ಯಾಹ್ನ

ಬೆಂದ ರೇಷ್ಮೆಗೂಡಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಜನ್ಮಕ್ಕೂ ಬಿಡುವುದಿಲ್ಲ. ರಕ್ತದೊತ್ತಡ ಏರಿದೆ, ಧ್ಯಾನ ಕಲಿಯಿರಿ ಎಂದು ಡಾಕ್ಟರು ಹೇಳಿದ್ದರಿಂದ ಚಿಕ್ಕಬಳ್ಳಾಪುರದ ಒಂದು ತರಗತಿಗೆ ಸೇರಿದ್ದೆ. ಮೊದಲ ದಿನವೇ ಪಕ್ಕದಲ್ಲಿ ಕೂತ ಹೆಂಗಸಿನ ಸೀರೆಯಿಂದ ಆ ವಾಸನೆ ಬಂತು. ಕಲಿಸುವ ಹುಡುಗಿ, “ಕಣ್ಣು ಮುಚ್ಚಿ, ಉಸಿರು ಹೋಗೋದು ಬರೋದು ಸುಮ್ನೆ ನೋಡ್ತಾ ಇರಿ. ಏನೂ ಮಾಡ್ಬೇಡಿ” ಎಂದಳು. ಕಣ್ಣು ಮುಚ್ಚಿದೆ. ಶಿಡ್ಲಘಟ್ಟದ ನಮ್ಮ ಮನೆ ಎದುರಿಗೆ ನಿಂತಿತ್ತು. ನಿಮಗೂ ಅಂಥದೊಂದು ಮನೆ ಇದ್ದೀತು.

ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಗೂಡಿನಿಂದ ನೂಲು ತೆಗೆಯುವ ಕೆಲಸ. ಕುದಿಯುವ ನೀರಿನ ಮುಂದೆ ದಿನವಿಡೀ ಕೂತು, ಬಿಳಿಚಿ ಸುಕ್ಕಾದ ಬೆರಳುಗಳಿಂದ ಎಳೆ ಹುಡುಕುತ್ತಿದ್ದವರು ನಾಗತ್ತೆ, ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಉಳಿದಿದ್ದರು. ಆ ಹಬೆಯೇ ಅವರಿಗೆ ಉಬ್ಬಸ ಹತ್ತಿಸಿತ್ತು. ನನ್ನ ಜಡೆ ಹೆಣೆಯುವವರೂ ಅವರೇ; ಕತ್ತಿಗೆ ತಾಗುವ ಆ ಒದ್ದೆ ಬೆರಳುಗಳು ಬೆಚ್ಚಗಿರುತ್ತಿದ್ದವು.

ನನಗಾಗ ಒಂಬತ್ತು ವರ್ಷ. ಒಂದು ಮಧ್ಯಾಹ್ನ ಅಪ್ಪ ಗೂಡಿನ ಮಾರುಕಟ್ಟೆಗೆ ಹೋಗಿದ್ದರು. ಅಮ್ಮ, ಉಬ್ಬಸ ವಾಸಿಯಾಗಲೆಂದು ಅತ್ತೆಯ ಹೆಸರಲ್ಲೇ ಸಕ್ಕರೆಗೆ ಪ್ರಾರ್ಥನೆ ಓದಿಸಿ ತರಲು ಮುರುಗಮಲ್ಲದ ದರ್ಗಾಕ್ಕೆ ಹೋಗಿದ್ದಳು. ಅತ್ತೆಗೆ ಉಸಿರು ಕಟ್ಟತೊಡಗಿತು. ಗೋಡೆಗೊರಗಿ ಕೂತರು, ಎದೆಯೊಳಗಿಂದ ಸಿಳ್ಳೆ. ಪಕ್ಕದ ಮನೆಯವರನ್ನು ಕರೆಯಲು ಎದ್ದರೆ ಅವರು ನನ್ನ ಕೈ ಬಿಡಲಿಲ್ಲ. “ಎಲ್ಲೂ ಹೋಗ್ಬೇಡ ಕಣಮ್ಮ, ಕೂತ್ಕೊ. ನನ್ ಉಸ್ರು ನೋಡ್ತಾ ಇರು. ಇಳೀತದೆ.” ನೋಡುತ್ತ ಕೂತೆ. ಸಿಳ್ಳೆ ಸಣ್ಣದಾಯಿತು, ಒಂದು ಉಸಿರಿಗೂ ಇನ್ನೊಂದಕ್ಕೂ ನಡುವಿನ ಬಿಡುವು ದೊಡ್ಡದಾಗುತ್ತ ಬಂತು. “ಇಳೀತು ಅತ್ತೆ” ಎಂದೆ, ಸಂತೋಷದಿಂದ. ಅವರು ಮಾತಾಡಲಿಲ್ಲ. ನಿದ್ದೆ ಹತ್ತಿತೆಂದುಕೊಂಡು, ಎಲ್ಲಿ ಎಚ್ಚರವಾದೀತೋ ಎಂದು ಅಲುಗಾಡದೆ, ಅಮ್ಮ ಬರುವವರೆಗೂ ಆ ಕೈ ಹಿಡಿದೇ ಕೂತಿದ್ದೆ.

“ನೀನು ಮಗು ಕಣೇ, ನಿನಗೇನ್ ತಿಳೀತದೆ” ಎಂದು ಅಮ್ಮ ಎಷ್ಟೋ ವರ್ಷ ಹೇಳಿದಳು. ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಅವಳೂ ಈಗಿಲ್ಲ, ಶೆಡ್ಡಿದ್ದ ಜಾಗದಲ್ಲಿ ಯಾರದೋ ಮೂರಂತಸ್ತಿನ ಮನೆ ಎದ್ದಿದೆ.

ನಾನು ಕಣ್ಣು ಬಿಟ್ಟಾಗ ಉಳಿದವರೆಲ್ಲ ಹೊರಟುಹೋಗಿದ್ದರು. ಹುಡುಗಿ ಹತ್ತಿರ ಬಂದು ಕೂತು, “ಏನಾಯ್ತಕ್ಕ?” ಎಂದಳು. ಅಮ್ಮನ ಹೊರತು ಯಾರಿಗೂ ಹೇಳದಿದ್ದನ್ನು ಅವಳಿಗೆ ಹೇಳಿದೆ. ಅವಳು ಎದ್ದು ಲೋಟದಲ್ಲಿ ನೀರು ತಂದುಕೊಟ್ಟು, ನಾನು ಕುಡಿದು ಮುಗಿಸುವವರೆಗೂ ಪಕ್ಕದಲ್ಲೇ ಕೂತಳು.

ಮರುದಿನವೂ ಹೋದೆ. ಎಲ್ಲರೂ ಕಣ್ಣು ಮುಚ್ಚಿದರು. ನನ್ನಿಂದಾಗಲಿಲ್ಲ. ಮುಂದೆ ಕೂತವರ ಬೆನ್ನುಗಳು ಏರುವುದನ್ನೂ ಇಳಿಯುವುದನ್ನೂ, ಒಬ್ಬರಾದ ಮೇಲೊಬ್ಬರದು, ಯಾರನ್ನೂ ಬಿಡದೆ ನೋಡುತ್ತ ಕೂತೆ.